ವಾರ್ಡಿನಲ್ಲಿ ರೋಗಿಯ ಸುರಕ್ಷತೆ: ನರ್ಸ್‌ಗಳು ಪದೇ ಪದೇ ಕೇಳುವ ಪ್ರಶ್ನೆಗಳು

ತರಬೇತಿ ತರಗತಿಗಳಲ್ಲಿ, ಪಾಳಿ ಮುಗಿದ ಮೇಲಿನ ಮಾತುಕತೆಯಲ್ಲಿ, ಓದುಗರ ಪತ್ರಗಳಲ್ಲಿ ನನಗೆ ಮತ್ತೆ ಮತ್ತೆ ಎದುರಾದ ಪ್ರಶ್ನೆಗಳಿವು. ಕೇಳಿದವರ ಮಾತಿನಲ್ಲೇ ಇಟ್ಟಿದ್ದೇನೆ. ಹೊಸದಾಗಿ ಕೆಲಸಕ್ಕೆ ಸೇರಿದವರ ಪ್ರಶ್ನೆಗಳು ಮೊದಲು ಬರುತ್ತವೆ, ವಾರ್ಡ್ ನಡೆಸುವವರ ಪ್ರಶ್ನೆಗಳು ಕೊನೆಗೆ. ನಿಮಗೆ ಬೇಕಾದ ಪ್ರಶ್ನೆಗೆ ನೇರವಾಗಿ ಹೋಗಬಹುದು.

## ಮೊದಲ ಪ್ರಶ್ನೆಗಳು

ರೋಗಿಯ ಸುರಕ್ಷತೆ ಎಂದು ಬೇರೆಯಾಗಿ ಏಕೆ ಹೇಳಬೇಕು? ಎಲ್ಲ ನರ್ಸ್‌ಗಳೂ ಜಾಗ್ರತೆಯಿಂದಲೇ ಕೆಲಸ ಮಾಡುತ್ತಾರಲ್ಲವೇ?

ಮಾಡುತ್ತಾರೆ. ಆದರೂ ಹಾನಿ ನಡೆಯುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಆರೈಕೆ ಪಡೆಯುವ ಪ್ರತಿ 10 ರೋಗಿಗಳಲ್ಲಿ ಸುಮಾರು ಒಬ್ಬರಿಗೆ ಆ ಆರೈಕೆಯಿಂದಲೇ ಏನಾದರೊಂದು ಹಾನಿ ತಟ್ಟುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ತಡೆಯಬಹುದಾದದ್ದು.

ನನ್ನ ಮೊದಲ ವರ್ಷಗಳ ಒಂದು ರಾತ್ರಿ ಪಾಳಿ ನನಗೆ ಇಂದಿಗೂ ಕಣ್ಣಿಗೆ ಕಟ್ಟಿದಂತಿದೆ. ಡ್ರಿಪ್ ನಳಿಕೆಯನ್ನು ತೊಳೆಯಲು ಟ್ರೇಯಿಂದ ಸಲೈನ್ (ಉಪ್ಪುನೀರು) ತುಂಬಿದ ಆಂಪೂಲ್, ಅಂದರೆ ಮುಚ್ಚಿದ ಪುಟ್ಟ ಬುಡ್ಡಿ, ಎತ್ತಿಕೊಂಡೆ. ಕತ್ತು ಮುರಿಯುವ ಮುನ್ನ ಅಭ್ಯಾಸಬಲದಿಂದ ದೀಪದ ಕಡೆ ಹಿಡಿದು ಹೆಸರು ಓದಿದೆ: ಪೊಟ್ಯಾಸಿಯಂ ಕ್ಲೋರೈಡ್. ಅದೇ ಗಾತ್ರ, ಅದೇ ತಿಳಿನೀರಿನ ಬಣ್ಣ, ಅಕ್ಷರಗಳೂ ಹೆಚ್ಚುಕಡಿಮೆ ಹಾಗೆಯೇ. ನೇರವಾಗಿ ರಕ್ತನಾಳಕ್ಕೆ ಹೋಗಿದ್ದರೆ ಆ ರೋಗಿಯ ಹೃದಯ ನಿಂತುಹೋಗುತ್ತಿತ್ತು. ಆ ರಾತ್ರಿ ನಾನು ಜಾಗರೂಕಳಾಗಿಯೇ ಇದ್ದೆ. ಎರಡು ಆಂಪೂಲ್‌ಗಳು ಒಂದೇ ಟ್ರೇಯಲ್ಲಿ ಪಕ್ಕಪಕ್ಕದಲ್ಲಿ ಕುಳಿತಿದ್ದವು, ಅಷ್ಟೇ.

ಮನಶ್ಶಾಸ್ತ್ರಜ್ಞ ಜೇಮ್ಸ್ ರೀಸನ್ ಇದನ್ನು ತೂತುಗಳಿರುವ ಚೀಸ್ ಹೋಳುಗಳ ಹೋಲಿಕೆಯಿಂದ ವಿವರಿಸಿದರು. ಪ್ರತಿಯೊಂದು ತಡೆಗೂ ತೂತುಗಳಿವೆ. ಸಾಲಾಗಿ ನಿಂತ ಹೋಳುಗಳ ತೂತುಗಳು ಒಂದೇ ನೇರಕ್ಕೆ ಬಂದ ದಿನ ಅಪಾಯ ರೋಗಿಯವರೆಗೂ ತೂರಿ ಹೋಗುತ್ತದೆ. ನರ್ಸಿನ ಎಚ್ಚರ ಆ ಸಾಲಿನ ಕೊನೆಯ ಹೋಳು. ಕೊನೆಯ ಹೋಳಿನ ಮೇಲೆಯೇ ಇಡೀ ಭಾರ ಹೇರಬಾರದು ಎಂಬುದೇ ಸುರಕ್ಷತೆಯ ವಿಚಾರದ ತಿರುಳು.

ಕೈ ತೊಳೆಯುವ ಪಾಠವನ್ನು ಇನ್ನೂ ಎಷ್ಟು ಸಲ ಮಾಡುತ್ತೀರಿ?

ಅದು ನಡೆಯುವವರೆಗೆ. ವಿಯೆನ್ನಾದ ಹೆರಿಗೆ ಆಸ್ಪತ್ರೆಯಲ್ಲಿ ವೈದ್ಯ ಇಗ್ನಾಜ್ ಸೆಮೆಲ್ವೈಸ್ 1847ರಲ್ಲಿ ಕ್ಲೋರಿನ್ ಬೆರೆಸಿದ ನೀರಿನಿಂದ ಕೈ ತೊಳೆಯುವುದನ್ನು ಕಡ್ಡಾಯ ಮಾಡಿದರು. ಅದಕ್ಕೂ ಹಿಂದಿನ ವರ್ಷ ಅವರ ವಿಭಾಗದಲ್ಲಿ ಬಾಣಂತಿಯರ ಸಾವು ಶೇ 11ರಷ್ಟಿತ್ತು. 1848ರ ಹೊತ್ತಿಗೆ ಅದು ಶೇ 1ರ ಆಸುಪಾಸಿಗೆ ಇಳಿಯಿತು.

ಕೈ ಶುಚಿಗೊಳಿಸಬೇಕಾದ ಐದು ಸಂದರ್ಭಗಳನ್ನು ನೀವು ಗೋಡೆಯ ಮೇಲೆ ನೋಡಿಯೇ ಇರುತ್ತೀರಿ: ರೋಗಿಯನ್ನು ಮುಟ್ಟುವ ಮುನ್ನ, ಸೂಜಿ ಹಾಕುವಂಥ ಶುದ್ಧ ಕ್ರಿಯೆಗೆ ಮುನ್ನ, ದೇಹದ್ರವ ತಗುಲಿದ ಮೇಲೆ, ರೋಗಿಯನ್ನು ಮುಟ್ಟಿದ ಮೇಲೆ, ರೋಗಿಯ ಸುತ್ತಲಿನ ವಸ್ತುಗಳನ್ನು ಮುಟ್ಟಿದ ಮೇಲೆ. ಐದನೆಯದು ಸುಲಭವಾಗಿ ತಪ್ಪಿಹೋಗುತ್ತದೆ. ಡ್ರಿಪ್ ಪಂಪಿನ ಗುಂಡಿ ಒತ್ತಿ, ಮಂಚದ ಕಂಬಿ ಸರಿಪಡಿಸಿ, ರೋಗಿಯನ್ನೇನೂ ಮುಟ್ಟಲಿಲ್ಲವಲ್ಲ ಎಂದು ಮುಂದಿನ ಮಂಚಕ್ಕೆ ಹೋಗಿಬಿಡುತ್ತೇವೆ. ಆಲ್ಕೋಹಾಲ್ ದ್ರಾವಣವಾದರೆ 20ರಿಂದ 30 ಸೆಕೆಂಡು ಸಾಕು. ಸೋಪು ನೀರಾದರೆ 40ರಿಂದ 60 ಸೆಕೆಂಡು. ಕೈಗವಸು ಹಾಕಿಕೊಂಡರೆ ತೊಳೆಯುವ ಅಗತ್ಯ ತಪ್ಪುವುದಿಲ್ಲ. ಒಂದೇ ಕೈಗವಸಿನಲ್ಲಿ ನಾಲ್ಕು ಮಂಚ ಸುತ್ತುವುದು ಬರಿಗೈಗಿಂತಲೂ ಕೆಟ್ಟದ್ದು, ಏಕೆಂದರೆ ಕೊಳೆ ಕೈಗೆ ತಾಗಿದ್ದು ನಮಗೆ ಗೊತ್ತೇ ಆಗುವುದಿಲ್ಲ.

ಮೂರು ದಿನದಿಂದ ನೋಡುತ್ತಿರುವ ರೋಗಿಯ ಹೆಸರನ್ನು ಮತ್ತೆ ಕೇಳಿದರೆ ಅವರಿಗೆ ಬೇಸರವಾಗುವುದಿಲ್ಲವೇ?

ಏಕೆ ಕೇಳುತ್ತಿದ್ದೇವೆ ಎಂದು ಮೊದಲ ದಿನವೇ ಹೇಳಿಬಿಟ್ಟರೆ ಆಗುವುದಿಲ್ಲ. "ಪ್ರತಿ ಸಲ ಔಷಧ ಕೊಡುವ ಮುನ್ನ ನಿಮ್ಮ ಹೆಸರು ಕೇಳುತ್ತೇವೆ, ಅದು ನಿಮ್ಮ ರಕ್ಷಣೆಗೆ" ಎಂದರೆ ರೋಗಿಯೇ ನಾಳೆ ನೆನಪಿಸುತ್ತಾರೆ. ಕೇಳುವ ರೀತಿ ಮಾತ್ರ ಮುಖ್ಯ. ಹೆಸರು ನಾವೇ ಹೇಳಿ "ಹೌದಾ?" ಎಂದು ಕೇಳಿದರೆ ಕಿವಿ ಮಂದವಾದವರು, ಮಂಪರಿನಲ್ಲಿರುವವರು, ಹೆದರಿದವರು ಎಲ್ಲರೂ ತಲೆಯಾಡಿಸುತ್ತಾರೆ. "ನಿಮ್ಮ ಪೂರ್ತಿ ಹೆಸರು ಹೇಳಿ" ಎಂದು ಕೇಳಿ, ಕೈಪಟ್ಟಿಯ ಮೇಲಿನ ಹೆಸರು ಮತ್ತು ನೋಂದಣಿ ಸಂಖ್ಯೆಯೊಂದಿಗೆ ಹೋಲಿಸಿ. ಎರಡು ಗುರುತು ಬೇಕೇ ಬೇಕು. ಮಂಚದ ಸಂಖ್ಯೆ ಗುರುತಲ್ಲ; ರೋಗಿಗಳು ಮಂಚ ಬದಲಾಯಿಸುತ್ತಾರೆ.

ಔಷಧ ಕೊಡುವಾಗ ಐದು 'ಸರಿ'ಗಳು ಎಂದು ಕಲಿತೆವು. ಈಗ ಏಳು, ಹತ್ತು ಎನ್ನುತ್ತಾರೆ. ಯಾವುದು ಸರಿ?

ಸರಿಯಾದ ರೋಗಿ, ಔಷಧ, ಪ್ರಮಾಣ, ಮಾರ್ಗ, ಸಮಯ. ಈ ಐದು ಗಟ್ಟಿಯಾಗಿದ್ದರೆ ಉಳಿದವು ಅವುಗಳ ವಿಸ್ತರಣೆ: ಏಕೆ ಕೊಡುತ್ತಿದ್ದೇವೆ, ದಾಖಲಿಸಿದೆವೇ, ಕೊಟ್ಟ ಮೇಲೆ ಪರಿಣಾಮ ನೋಡಿದೆವೇ. ಸಂಖ್ಯೆಯ ಬಗ್ಗೆ ವಾದ ಬೇಡ. ನಾನು ಸೇರಿಸುವುದು ಒಂದೇ ಮಾತು: 'ಏಕೆ' ಎಂಬುದು ಗೊತ್ತಿಲ್ಲದ ಔಷಧವನ್ನು ಕೊಡಬೇಡಿ. ರಕ್ತದೊತ್ತಡವೇ ಇಲ್ಲದ ರೋಗಿಗೆ ರಕ್ತದೊತ್ತಡದ ಮಾತ್ರೆ ಬರೆದಿದ್ದರೆ, ಪಕ್ಕದ ಕೇಸ್ ಶೀಟಿನಲ್ಲಿ ಬರೆಯಬೇಕಾದದ್ದು ಇಲ್ಲಿಗೆ ಬಂದಿರಬಹುದು. ಅದನ್ನು ಹಿಡಿಯುವುದು 'ಏಕೆ' ಎಂದು ಕೇಳಿದ ನರ್ಸ್ ಮಾತ್ರ.

## ಪಾಳಿಯ ನಡುವೆ

ಯಾವ ಔಷಧಗಳ ವಿಷಯದಲ್ಲಿ ಹೆಚ್ಚು ಎಚ್ಚರ ಬೇಕು?

ಇನ್ಸುಲಿನ್, ಹೆಪಾರಿನ್‌ನಂಥ ರಕ್ತ ಹೆಪ್ಪುಗಟ್ಟುವುದನ್ನು ತಡೆಯುವ ಔಷಧಗಳು, ಮಾರ್ಫಿನ್ ಜಾತಿಯ ನೋವುನಿವಾರಕಗಳು, ಸಾಂದ್ರ ಪೊಟ್ಯಾಸಿಯಂ ಕ್ಲೋರೈಡ್, ಕ್ಯಾನ್ಸರ್ ಔಷಧಗಳು. ಇವುಗಳಲ್ಲಿ ತಪ್ಪು ಹೆಚ್ಚು ಸಲ ಆಗುತ್ತದೆಂದಲ್ಲ, ಆದಾಗ ಹಾನಿ ದೊಡ್ಡದು.

ಬರವಣಿಗೆಯೇ ಎಷ್ಟೋ ಸಲ ಮೂಲ. ಇನ್ಸುಲಿನ್ 10ರ ಮುಂದೆ ಯೂನಿಟ್ ಎಂಬುದಕ್ಕೆ ಇಂಗ್ಲಿಷಿನ 'ಯು' ಅಕ್ಷರವೊಂದನ್ನೇ ಗೀಚಿದರೆ ಅದು ಸೊನ್ನೆಯಂತೆ ಕಂಡು 10 ಯೂನಿಟ್ 100 ಆಗುತ್ತದೆ. 1.0 ಎಂದು ಬರೆದಾಗ ಚುಕ್ಕಿ ಮಾಸಿದರೆ 10. ಬರೀ .5 ಎಂದು ಬರೆದರೆ 5. ಆದ್ದರಿಂದ 'ಯೂನಿಟ್' ಎಂದು ಪೂರ್ತಿ ಬರೆಯಿರಿ. ಪೂರ್ಣಾಂಕದ ನಂತರ ಚುಕ್ಕಿ, ಸೊನ್ನೆ ಬೇಡ (1 ಎಂದಷ್ಟೇ ಸಾಕು), ಚುಕ್ಕಿಯ ಎಡಕ್ಕೆ ಸೊನ್ನೆ ಬೇಕು (0.5). ಇನ್ಸುಲಿನ್‌ಗೆ ಇನ್ಸುಲಿನ್ ಸಿರಿಂಜನ್ನೇ ಬಳಸಿ. ಬಾಯಿಯ ಮೂಲಕ ಕೊಡುವ ದ್ರವಕ್ಕೆ ಸೂಜಿ ಕೂಡದ ಬಾಯಿ ಸಿರಿಂಜ್ ಬಳಸಿ, ಆಗ ಅದು ರಕ್ತನಾಳಕ್ಕೆ ಹೋಗುವ ದಾರಿಯೇ ಮುಚ್ಚುತ್ತದೆ.

ಇಬ್ಬರು ಪರಿಶೀಲಿಸುವ ಪದ್ಧತಿ ಇದ್ದರೆ ಅದು ನಿಜವಾಗಿ ಇಬ್ಬರದ್ದಾಗಬೇಕು. "ಐದು ಮಿಲಿಲೀಟರ್ ಅಲ್ಲವೇ, ನೋಡಿ" ಎಂದು ಸಿರಿಂಜ್ ತೋರಿಸಿದರೆ ಎರಡನೆಯವರು ಅದನ್ನೇ ಕಾಣುತ್ತಾರೆ. ಲೆಕ್ಕವನ್ನು ಇಬ್ಬರೂ ಬೇರೆ ಬೇರೆ ಮಾಡಿ, ಆಮೇಲೆ ಹೋಲಿಸಿ.

ಉಸಿರಾಟವನ್ನು ನಿಜಕ್ಕೂ ಪೂರ್ತಿ ಒಂದು ನಿಮಿಷ ಎಣಿಸಬೇಕೇ? ಅಷ್ಟು ಸಮಯ ಎಲ್ಲಿದೆ?

ಎಣಿಸಬೇಕು. ಈ ಪ್ರಶ್ನೆಗೆ ಉದ್ದವಾಗಿಯೇ ಉತ್ತರಿಸುತ್ತೇನೆ, ಏಕೆಂದರೆ ನರ್ಸಿಂಗ್ ಕಲೆಯಲ್ಲಿ ಇದಕ್ಕಿಂತ ಹೆಚ್ಚು ಜೀವ ಉಳಿಸುವ ಸಣ್ಣ ಕೆಲಸ ನನಗೆ ಗೊತ್ತಿಲ್ಲ.

ಯಾವುದಾದರೂ ವಾರ್ಡಿನ ಚಾರ್ಟುಗಳನ್ನು ಒಟ್ಟಿಗೆ ಇಟ್ಟು ಉಸಿರಾಟದ ಕಾಲಂ ಮಾತ್ರ ಓದಿ ನೋಡಿ. 20, 20, 18, 20, 20. ಇಡೀ ವಾರ್ಡ್ ಒಂದೇ ತಾಳಕ್ಕೆ ಉಸಿರಾಡುತ್ತಿದೆ ಎಂಬಂತೆ. ನಾಡಿ, ರಕ್ತದೊತ್ತಡ, ಆಮ್ಲಜನಕದ ಮಟ್ಟವನ್ನು ಯಂತ್ರ ಹೇಳುತ್ತದೆ. ಉಸಿರಾಟವನ್ನು ಮನುಷ್ಯ ಎಣಿಸಬೇಕು, ಆದ್ದರಿಂದಲೇ ಅದನ್ನು ಊಹಿಸಿ ಬರೆಯುತ್ತಾರೆ. ಆದರೆ ಸೋಂಕು ರಕ್ತಕ್ಕೆ ಏರುತ್ತಿರುವಾಗ, ಶ್ವಾಸಕೋಶಕ್ಕೆ ಹೆಪ್ಪು ಹೋದಾಗ, ದೇಹದಲ್ಲಿ ಆಮ್ಲ ಹೆಚ್ಚಾದಾಗ ಬಹಳ ಸಲ ಮೊದಲು ಬದಲಾಗುವುದು ಉಸಿರಾಟವೇ. ರಕ್ತದೊತ್ತಡ ಕುಸಿಯುವ ಹೊತ್ತಿಗೆ ಗಂಟೆಗಳು ಕಳೆದಿರುತ್ತವೆ.

ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಶಿಯನ್ಸ್ 2012ರಲ್ಲಿ 'ನ್ಯೂಸ್' ಎಂಬ ಮುನ್ನೆಚ್ಚರಿಕೆ ಅಂಕಪದ್ಧತಿಯನ್ನು ತಂದಿತು. 2017ರಲ್ಲಿ ಅದನ್ನು ಪರಿಷ್ಕರಿಸಿತು. ಉಸಿರಾಟ, ಆಮ್ಲಜನಕದ ಮಟ್ಟ, ಹೊರಗಿನಿಂದ ಆಮ್ಲಜನಕ ಕೊಡುತ್ತಿದ್ದೇವೆಯೇ, ಮೇಲಿನ ರಕ್ತದೊತ್ತಡ, ನಾಡಿ, ಎಚ್ಚರದ ಸ್ಥಿತಿ, ಜ್ವರ: ಪ್ರತಿಯೊಂದಕ್ಕೂ ಅಂಕ. ಅದರಲ್ಲಿ ಉಸಿರಾಟ 12ರಿಂದ 20 ಇದ್ದರೆ ಸೊನ್ನೆ, 21ರಿಂದ 24ಕ್ಕೆ 2, 25 ಅಥವಾ ಅದಕ್ಕಿಂತ ಹೆಚ್ಚಾದರೆ 3. ಒಟ್ಟು 5 ಮುಟ್ಟಿದರೆ ವೈದ್ಯರು ತುರ್ತಾಗಿ ಬಂದು ನೋಡಬೇಕು. 7 ಮುಟ್ಟಿದರೆ ತೀವ್ರ ನಿಗಾ ಬಲ್ಲ ತಂಡವನ್ನೇ ಕರೆಯಬೇಕು. ಈಗ ಯೋಚಿಸಿ: 26 ಇದ್ದ ಉಸಿರನ್ನು 20 ಎಂದು ಬರೆದರೆ ಆ ಕ್ಷಣಕ್ಕೆ ಮೂರು ಅಂಕ ಮಾಯ. ಅಂಕಪದ್ಧತಿ ಎಷ್ಟೇ ಚೆನ್ನಾಗಿರಲಿ, ಅದಕ್ಕೆ ನಾವು ಉಣಿಸಿದ್ದು ಸುಳ್ಳು.

ಸಮಯದ ಮಾತು. ನಾಡಿ ಹಿಡಿದ ಕೈಯನ್ನು ಬಿಡದೆ, ಕಣ್ಣು ಮಾತ್ರ ಎದೆಯ ಮೇಲೆ ಇಟ್ಟು ಎಣಿಸಿ. ಎಣಿಸುತ್ತಿರುವುದು ತಿಳಿದರೆ ರೋಗಿ ಉಸಿರನ್ನು ಬದಲಿಸಿಬಿಡುತ್ತಾರೆ, ಹೀಗೆ ಮಾಡಿದರೆ ಅವರಿಗೆ ಗೊತ್ತಾಗುವುದಿಲ್ಲ. ಆ ಒಂದು ನಿಮಿಷದಲ್ಲಿ ಕತ್ತಿನ ಸ್ನಾಯು ಎಳೆಯುತ್ತಿದೆಯೇ, ತುಟಿಯ ಬಣ್ಣ ಹೇಗಿದೆ, ಮಾತು ಅರ್ಧಕ್ಕೆ ತುಂಡಾಗುತ್ತಿದೆಯೇ ಎಂಬುದೂ ಕಣ್ಣಿಗೆ ಬೀಳುತ್ತದೆ. ನಿಂತು ನೋಡಿದ ನರ್ಸಿಗೆ ಕಂಡದ್ದು ಯಾವ ಮಾನಿಟರಿನಲ್ಲೂ ಬರುವುದಿಲ್ಲ.

ರಾತ್ರಿ ಎರಡು ಗಂಟೆಗೆ ವೈದ್ಯರಿಗೆ ಫೋನ್ ಮಾಡಲು ಭಯ. ಹೇಗೆ ಮಾತಾಡಬೇಕು?

ಫೋನ್ ಎತ್ತುವ ಮುನ್ನ ನಾಲ್ಕು ಸಾಲು ಬರೆದುಕೊಳ್ಳಿ: ಈಗಿನ ಸ್ಥಿತಿ, ಹಿನ್ನೆಲೆ, ನನ್ನ ಅಂದಾಜು, ನನ್ನ ಕೋರಿಕೆ. ಎಸ್‌ಬಾರ್ ಎಂದು ಕರೆಯುವ ಈ ಕ್ರಮ ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಿಂದ ಆಸ್ಪತ್ರೆಗಳಿಗೆ ಬಂದದ್ದು. ಅಲ್ಲಿಯೂ ಕಿರಿಯರು ಹಿರಿಯರಿಗೆ ಕಡಿಮೆ ಮಾತಿನಲ್ಲಿ ಅಪಾಯ ತಿಳಿಸಬೇಕಿತ್ತು.

ಹೀಗೆ ಹೇಳಿ ನೋಡಿ: "ಡಾಕ್ಟರ್, ಶಸ್ತ್ರಚಿಕಿತ್ಸಾ ವಾರ್ಡಿನಿಂದ ಕರೆ ಮಾಡುತ್ತಿದ್ದೇನೆ. 12ನೇ ಮಂಚದ ರೋಗಿಯ ಉಸಿರಾಟ ಒಂದು ಗಂಟೆಯಲ್ಲಿ 18ರಿಂದ 28ಕ್ಕೆ ಏರಿದೆ, ನಾಡಿ 124, ರಕ್ತದೊತ್ತಡ 96ಕ್ಕೆ 58. ನಿನ್ನೆ ಕರುಳಿನ ಶಸ್ತ್ರಚಿಕಿತ್ಸೆ ಆಗಿದೆ, ಸಂಜೆಯಿಂದ ಹೊಟ್ಟೆ ಬಿಗಿಯಾಗುತ್ತಿದೆ. ಒಳಗೆ ಸೋರಿಕೆ ಅಥವಾ ಸೋಂಕು ಇರಬಹುದೆಂದು ನನ್ನ ಆತಂಕ. ನೀವು ಈಗಲೇ ಬಂದು ನೋಡಬೇಕು. ಬರುವಷ್ಟರಲ್ಲಿ ನಾನು ಏನು ಶುರು ಮಾಡಲಿ?"

ಕೊನೆಯ ಎರಡು ವಾಕ್ಯಗಳನ್ನು ನಾವು ನುಂಗಿಕೊಳ್ಳುತ್ತೇವೆ. "ರೋಗಿ ಯಾಕೋ ಸರಿಯಿಲ್ಲ" ಎಂದು ನಿಲ್ಲಿಸಿ, ಅವರೇ ಅರ್ಥ ಮಾಡಿಕೊಳ್ಳಲಿ ಎಂದು ಕಾಯುತ್ತೇವೆ. ನಿದ್ದೆಯಿಂದ ಎದ್ದವರಿಗೆ ಅದು ಅರ್ಥವಾಗುವುದಿಲ್ಲ. ಅವರು ಹೇಳಿದ ಔಷಧವನ್ನು ಬರೆದುಕೊಂಡು, ಬರೆದದ್ದನ್ನು ಅವರಿಗೇ ಓದಿ ಹೇಳಿ ಖಚಿತಪಡಿಸಿಕೊಳ್ಳಿ. ಅವರು ಬರಲಿಲ್ಲ, ನಿಮ್ಮ ಆತಂಕವೂ ಇಳಿಯಲಿಲ್ಲ ಎಂದಾದರೆ ಅವರ ಮೇಲಿನವರಿಗೆ ಕರೆ ಮಾಡಿ. ಆ ಸಂಖ್ಯೆ ಫೋನಿನ ಪಕ್ಕದಲ್ಲೇ ಅಂಟಿಸಿರಬೇಕು, ಮತ್ತು ಹಾಗೆ ಕರೆ ಮಾಡಿದ್ದಕ್ಕೆ ಮಾರನೆಯ ದಿನ ಯಾರೂ ಬೈಯಬಾರದು. ಎರಡನೆಯದು ಮುಖ್ಯಸ್ಥರ ಹೊಣೆ.

ಪಾಳಿ ಬದಲಾಗುವಾಗ ಏನೇನು ಹೇಳಬೇಕು? ನಮ್ಮಲ್ಲಿ ಮೇಜಿನ ಸುತ್ತ ನಿಂತು ಪುಸ್ತಕ ಓದಿ ಮುಗಿಸುತ್ತೇವೆ.

ಮಂಚದ ಬಳಿಗೆ ಹೋಗಿ. ಮೇಜಿನ ಬಳಿ "ಡ್ರಿಪ್ ಹೋಗುತ್ತಿದೆ" ಎಂದದ್ದು ಮಂಚದ ಬಳಿ ನಿಂತಿರುತ್ತದೆ. "ಗಾಯ ಒಣಗಿದೆ" ಎಂದ ಪಟ್ಟಿ ಒದ್ದೆಯಾಗಿರುತ್ತದೆ. ಇಬ್ಬರೂ ಒಟ್ಟಿಗೆ ರೋಗಿಯನ್ನು, ಕೈಪಟ್ಟಿಯನ್ನು, ಸೂಜಿ ಹಾಕಿದ ಜಾಗವನ್ನು, ಪಂಪಿನ ವೇಗವನ್ನು, ಮೂತ್ರದ ಚೀಲವನ್ನು ನೋಡಿ. ಬಂದ ಪಾಳಿಯವರಿಗೆ ಮುಖ್ಯವಾಗಿ ಬೇಕಾದದ್ದು ಬಾಕಿ ಉಳಿದ ಕೆಲಸ ಮತ್ತು ನಿಮ್ಮ ಮನಸ್ಸಿನ ಅಳುಕು: "ಇವರ ಮೇಲೆ ಕಣ್ಣಿಡಿ, ಮಧ್ಯಾಹ್ನದಿಂದ ಮಾತು ಕಡಿಮೆಯಾಗಿದೆ." ಇಂಥದ್ದು ಯಾವ ಪುಸ್ತಕದ ಕಾಲಂನಲ್ಲೂ ಹಿಡಿಸುವುದಿಲ್ಲ. ಪಕ್ಕದ ಮಂಚದವರಿಗೆ ಕೇಳಿಸಬಾರದ ಖಾಸಗಿ ವಿಷಯಗಳನ್ನು ಮಾತ್ರ ಮೇಜಿನ ಬಳಿ ಹೇಳಿ.

ಬೀಳುವ ಅಪಾಯವಿರುವ ರೋಗಿಗೆ ಮಂಚದ ಕಂಬಿ ಏರಿಸಿದರೆ ಸಾಲದೇ?

ಸಾಲದು. ಗೊಂದಲದಲ್ಲಿರುವ ರೋಗಿ ಕಂಬಿಯ ಮೇಲಿಂದ ಹತ್ತಿ ಇಳಿಯಲು ನೋಡುತ್ತಾರೆ, ಆಗ ಬಿದ್ದರೆ ಇನ್ನೂ ಎತ್ತರದಿಂದ ಬೀಳುತ್ತಾರೆ. ಅವರು ಏಕೆ ಏಳುತ್ತಾರೆ ಎಂದು ಯೋಚಿಸಿ. ಬಹಳ ಸಲ ಮೂತ್ರಕ್ಕೆ. ಮಲಗುವ ಮುನ್ನ, ನಡುರಾತ್ರಿ, ಮೂತ್ರ ಹೆಚ್ಚಿಸುವ ಮಾತ್ರೆ ಕೊಟ್ಟ ಮೇಲೆ ನೀವೇ ಹೋಗಿ ಕೇಳಿದರೆ ಅವರು ಒಬ್ಬರೇ ಏಳುವ ಪ್ರಸಂಗ ಕಡಿಮೆಯಾಗುತ್ತದೆ. ಮಂಚ ತಗ್ಗಿಸಿ, ಕರೆಗಂಟೆಯನ್ನು ಕೈಗೆಟಕುವಂತೆ ಇಡಿ, ಕನ್ನಡಕ ಮತ್ತು ಚಪ್ಪಲಿ ಹತ್ತಿರವಿರಲಿ.

ಹಾಸಿಗೆ ಹುಣ್ಣಾದರೆ ಅದು ನರ್ಸಿನ ತಪ್ಪೇ?

ಎಲ್ಲ ಸಲವೂ ಅಲ್ಲ. ಆದರೆ ಹೆಚ್ಚಿನವನ್ನು ತಡೆಯಬಹುದು. ದಾಖಲಾದ ದಿನವೇ, ಹಾಸಿಗೆ ಹುಣ್ಣಿನ ಅಪಾಯ ಅಳೆಯುವ ಬ್ರೇಡನ್ ಮಾಪಕದಿಂದ ಅಂಕ ಹಾಕಿ. ಅದರಲ್ಲಿ ಅಂಕ ಕಡಿಮೆಯಾದಷ್ಟೂ ಅಪಾಯ ಹೆಚ್ಚು, ಸಾಮಾನ್ಯವಾಗಿ 18 ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಎಚ್ಚರ ಬೇಕು. ಮಗ್ಗುಲು ಬದಲಿಸುವಾಗ ಪೂರ್ತಿ ಪಕ್ಕಕ್ಕೆ ಹೊರಳಿಸಿದರೆ ಸೊಂಟದ ಎಲುಬಿನ ಮೇಲೆ ಭಾರ ಬೀಳುತ್ತದೆ. ದಿಂಬಿನ ಆಸರೆಯಿಂದ 30 ಡಿಗ್ರಿ ಓರೆಯಾಗಿಸುವುದು ಒಳ್ಳೆಯದು. ಹಿಮ್ಮಡಿಗಳು ಹಾಸಿಗೆಗೆ ತಾಗದಂತೆ ಕಾಲಿನ ಕೆಳಗೆ ದಿಂಬಿಡಿ. ಆಮ್ಲಜನಕದ ಮಾಸ್ಕಿನ ಕೆಳಗೆ ಮೂಗಿನ ಮೇಲೂ, ನಳಿಕೆ ಹಾಯ್ದ ಕಿವಿಯ ಹಿಂದೆಯೂ ಹುಣ್ಣಾಗುತ್ತದೆ, ಅಲ್ಲಿಯೂ ನೋಡಿ. ಒತ್ತಿದರೆ ಬಿಳಿಚದ ಕೆಂಪು ಕಂಡರೆ ಅದೇ ಮೊದಲ ಹಂತ. ಕಪ್ಪು ಚರ್ಮದಲ್ಲಿ ಕೆಂಪು ಕಾಣುವುದಿಲ್ಲ. ಬಿಸಿ, ಗಡಸು, ನೋವು ಇದೆಯೇ ಎಂದು ಕೈಯಿಂದ ಮುಟ್ಟಿ ತಿಳಿಯಬೇಕು.

ಆಹಾರ ಕೊಡಲು ಹಾಕಿದ ಮೂಗಿನ ನಳಿಕೆ ಹೊಟ್ಟೆಯಲ್ಲಿದೆಯೇ ಎಂದು ಗಾಳಿ ಊದಿ ಸ್ಟೆಥಾಸ್ಕೋಪಿನಲ್ಲಿ ಕೇಳಿದರೆ ಸಾಕಲ್ಲವೇ?

ಸಾಕಾಗುವುದಿಲ್ಲ. ನಳಿಕೆ ಶ್ವಾಸಕೋಶದಲ್ಲಿದ್ದರೂ ಅದೇ ಸದ್ದು ಕೇಳಿಸಬಹುದು. ಹೀರಿ ತೆಗೆದ ದ್ರವದ ಪಿಎಚ್ (ಆಮ್ಲೀಯತೆಯ ಅಳತೆ) 5.5 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ದ್ರವ ಬಾರದಿದ್ದರೆ, ಅನುಮಾನವಿದ್ದರೆ ಎಕ್ಸ್‌ರೇ. ಅಲ್ಲಿಯವರೆಗೆ ಒಂದು ತೊಟ್ಟೂ ಆಹಾರ ಕೊಡಬೇಡಿ.

## ತಪ್ಪು ನಡೆದಾಗ

ತಪ್ಪಾಯಿತು, ಆದರೆ ರೋಗಿಗೆ ಏನೂ ಆಗಲಿಲ್ಲ. ವರದಿ ಮಾಡಲೇಬೇಕೇ?

ಮೊದಲು ರೋಗಿ. ಹೋಗಿ ನೋಡಿ, ವೈದ್ಯರಿಗೆ ತಿಳಿಸಿ, ನಿಗಾ ಹೆಚ್ಚಿಸಿ. ನಡೆದದ್ದನ್ನು ರೋಗಿಗೂ ಮನೆಯವರಿಗೂ ಹೇಳಬೇಕು. ಯಾರು ಹೇಳುವುದು ಎಂದು ವೈದ್ಯರೊಂದಿಗೆ ಮಾತಾಡಿಕೊಳ್ಳಿ. ಕೇಸ್ ಶೀಟಿನಲ್ಲಿ ಕಂಡದ್ದನ್ನು, ಮಾಡಿದ್ದನ್ನು ಸಮಯದೊಂದಿಗೆ ಬರೆಯಿರಿ. ಹಳೆಯ ದಾಖಲೆಯನ್ನು ತಿದ್ದಲು ಮಾತ್ರ ಯಾವತ್ತೂ ಹೋಗಬೇಡಿ.

ಆಮೇಲೆ ವರದಿ. ಕೂದಲೆಳೆಯಲ್ಲಿ ತಪ್ಪಿದ್ದನ್ನೂ ಬರೆಯಿರಿ, ಅದು ಚಿನ್ನದಂಥ ಮಾಹಿತಿ: ಯಾರಿಗೂ ನೋವಾಗದೆ ತೂತು ಎಲ್ಲಿದೆ ಎಂದು ತೋರಿಸಿಕೊಡುತ್ತದೆ. ಮೊದಲ ಉತ್ತರದಲ್ಲಿ ಹೇಳಿದ ಆಂಪೂಲಿನ ವಿಷಯವನ್ನು ನಾನು ಆ ರಾತ್ರಿ ಯಾರಿಗೂ ಹೇಳಲಿಲ್ಲ. ಟ್ರೇಗೆ ಮರಳಿಸಿ, ಸಲೈನ್ ತೆಗೆದುಕೊಂಡು ಹೋದೆ. ಆ ಎರಡು ಆಂಪೂಲ್‌ಗಳು ಮುಂದಿನ ಪಾಳಿಯವರಿಗಾಗಿ ಅಲ್ಲೇ ಪಕ್ಕಪಕ್ಕದಲ್ಲಿ ಉಳಿದವು. ಆ ಮೌನಕ್ಕಾಗಿ ನನಗೆ ಇಂದಿಗೂ ಪಶ್ಚಾತ್ತಾಪವಿದೆ.

ವರದಿ ಮಾಡಿದವರಿಗೇ ನೋಟಿಸ್ ಬಂದರೆ ಯಾರು ತಾನೇ ಬರೆಯುತ್ತಾರೆ?

ಯಾರೂ ಬರೆಯುವುದಿಲ್ಲ. ಅಂಥ ಆಸ್ಪತ್ರೆಯಲ್ಲಿ ವರದಿಗಳು ಸೊನ್ನೆಯಾಗಿರುತ್ತವೆ, ತಪ್ಪುಗಳು ಹಾಗೆಯೇ ಇರುತ್ತವೆ. ವರದಿ ಕಡಿಮೆ ಬರುವ ವಾರ್ಡನ್ನು ಹೊಗಳುವ ಮುಖ್ಯಸ್ಥರು ಇದನ್ನು ದಯವಿಟ್ಟು ಯೋಚಿಸಬೇಕು.

ಹಾಗೆಂದು ಎಲ್ಲವನ್ನೂ ಮನ್ನಿಸಬೇಕೆಂದೂ ಅಲ್ಲ. ನ್ಯಾಯದ ವಾತಾವರಣ ಎಂಬ ಚಿಂತನೆ ಮೂರು ಬಗೆಯನ್ನು ಬೇರ್ಪಡಿಸುತ್ತದೆ. ಕೈತಪ್ಪಿ ಆದದ್ದಕ್ಕೆ ಸಾಂತ್ವನ ಹೇಳಿ, ವ್ಯವಸ್ಥೆಯನ್ನು ಸರಿಪಡಿಸಬೇಕು. ಎಲ್ಲರೂ ಹಿಡಿದ ಅಡ್ಡದಾರಿಯಾಗಿದ್ದರೆ, ಉದಾಹರಣೆಗೆ ಕೈಪಟ್ಟಿ ನೋಡದೆ ಔಷಧ ಕೊಡುವುದು, ಅದೇಕೆ ರೂಢಿಯಾಯಿತು ಎಂದು ಕೇಳಿ ತಿದ್ದಿ ಹೇಳಬೇಕು. ಅಪಾಯ ಗೊತ್ತಿದ್ದೂ ಬೇಕೆಂದೇ ಲೆಕ್ಕಿಸದಿದ್ದರೆ ಮಾತ್ರ ಶಿಸ್ತುಕ್ರಮ. ಒಂದು ಸರಳ ಪರೀಕ್ಷೆಯಿದೆ: ಅದೇ ತರಬೇತಿ ಪಡೆದ ಇನ್ನೊಬ್ಬ ಒಳ್ಳೆಯ ನರ್ಸ್ ಅದೇ ಪಾಳಿಯಲ್ಲಿ ಇದ್ದಿದ್ದರೆ ಇದೇ ತಪ್ಪಾಗಬಹುದಿತ್ತೇ? ಹೌದು ಎಂದಾದರೆ ಒಬ್ಬರನ್ನು ಶಿಕ್ಷಿಸಿ ಏನೂ ಬದಲಾಗುವುದಿಲ್ಲ.

ನನ್ನ ಕೈಯಿಂದ ರೋಗಿಗೆ ತೊಂದರೆಯಾಯಿತು. ಆ ದಿನದಿಂದ ನಿದ್ದೆಯಿಲ್ಲ, ಕೆಲಸ ಬಿಡಬೇಕೆನಿಸುತ್ತಿದೆ.

ನೀವು ಒಬ್ಬರೇ ಅಲ್ಲ. ತಪ್ಪಿನಲ್ಲಿ ಸಿಲುಕಿದ ಆರೋಗ್ಯ ಸಿಬ್ಬಂದಿಯನ್ನು ಅಮೆರಿಕದ ವೈದ್ಯ ಆಲ್ಬರ್ಟ್ ವೂ 2000ರಲ್ಲಿ 'ಎರಡನೆಯ ಬಲಿಪಶು' ಎಂದು ಕರೆದರು. ಆ ಪದ ರೋಗಿಯ ಮನೆಯವರಿಗೆ ನೋವು ತರುತ್ತದೆ ಎಂಬ ಆಕ್ಷೇಪವಿದೆ, ಅದು ನ್ಯಾಯವಾದದ್ದೇ. ಆದರೆ ಪದ ಹೆಸರಿಸಿದ ಸಂಕಟ ನಿಜ. ಅದೇ ದೃಶ್ಯ ಮತ್ತೆ ಮತ್ತೆ ಬರುವುದು, ಸಿರಿಂಜ್ ಹಿಡಿದಾಗ ಕೈ ನಡುಗುವುದು, ಸಹೋದ್ಯೋಗಿಗಳ ಕಣ್ಣು ತಪ್ಪಿಸುವುದು: ಇವೆಲ್ಲ ಕಾಳಜಿಯಿರುವ ಮನಸ್ಸಿಗೆ ಆಗುವ ಗಾಯದ ಗುರುತುಗಳು.

ನಂಬಿಕೆಯ ಒಬ್ಬ ಸಹೋದ್ಯೋಗಿಯ ಬಳಿ ನಡೆದದ್ದನ್ನು ಪೂರ್ತಿ ಹೇಳಿ. ಎರಡು ವಾರ ಕಳೆದರೂ ನಿದ್ದೆ, ಊಟ ಸರಿಯಾಗದಿದ್ದರೆ ಮನೋವೈದ್ಯರನ್ನು ಅಥವಾ ಆಪ್ತಸಮಾಲೋಚಕರನ್ನು ಕಾಣಿ. ಸಾಯಬೇಕೆಂಬ ಯೋಚನೆ ಒಂದು ಸಲ ಬಂದರೂ ಅದೇ ದಿನ ಕಾಣಿ, ಒಬ್ಬರೇ ಇರಬೇಡಿ. ಸಹೋದ್ಯೋಗಿಗಳಿಗೆ ಒಂದು ಮಾತು: "ಹೇಗೆ ಮಾಡಿದಿರಿ?" ಎಂದು ಕೇಳಬೇಡಿ. "ಪಾಳಿ ಮುಗಿಯುವವರೆಗೆ ನಿಮ್ಮ ರೋಗಿಗಳನ್ನು ನಾನು ನೋಡಿಕೊಳ್ಳುತ್ತೇನೆ" ಎನ್ನಿ.

ಬಳಸಿದ ಸೂಜಿ ಚುಚ್ಚಿದರೆ ಏನು ಮಾಡಬೇಕು?

ಸೋಪು ಮತ್ತು ಹರಿಯುವ ನೀರಿನಲ್ಲಿ ತೊಳೆಯಿರಿ, ಹಿಂಡಬೇಡಿ. ತಕ್ಷಣ ತಿಳಿಸಿ, ಪಾಳಿ ಮುಗಿಯಲಿ ಎಂದು ಕಾಯಬೇಡಿ. ಎಚ್‌ಐವಿ ತಡೆ ಔಷಧ ಬೇಕಾದರೆ ಅದು ಕೆಲವೇ ಗಂಟೆಗಳಲ್ಲಿ ಶುರುವಾಗುವುದು ಒಳ್ಳೆಯದು, 72 ಗಂಟೆ ಮೀರಬಾರದು. ಸೂಜಿಗೆ ಮತ್ತೆ ಮುಚ್ಚಳ ಹಾಕುವ ಅಭ್ಯಾಸವನ್ನು ಬಿಡಿ, ಹೆಪಟೈಟಿಸ್ ಬಿ ಲಸಿಕೆ ಪೂರ್ಣಗೊಂಡಿದೆಯೇ ಎಂದು ಇವತ್ತೇ ನೋಡಿಕೊಳ್ಳಿ.

## ಕಲಿಯುವುದು, ಕಲಿಸುವುದು

ಹೊಸಬರಿಗೆ ಎಷ್ಟು ದಿನದ ನಂತರ ಸ್ವತಂತ್ರವಾಗಿ ರೋಗಿಗಳನ್ನು ಒಪ್ಪಿಸಬಹುದು?

ದಿನ ಎಣಿಸಬೇಡಿ, ಕೆಲಸ ನೋಡಿ. ಅಮೆರಿಕದ ನರ್ಸಿಂಗ್ ಚಿಂತಕಿ ಪೆಟ್ರೀಷಿಯಾ ಬೆನ್ನರ್ 1984ರಲ್ಲಿ ನರ್ಸಿನ ಬೆಳವಣಿಗೆಯನ್ನು ಐದು ಹಂತಗಳಲ್ಲಿ ವಿವರಿಸಿದರು: ಹೊಸಬರಿಂದ ಪರಿಣತರವರೆಗೆ. ಹೊಸಬರಿಗೆ ನಿಯಮ ಬೇಕು. ಪರಿಣತರಿಗೆ ರೋಗಿಯ ಮುಖ ನೋಡಿದರೆ ಗೊತ್ತಾಗುತ್ತದೆ. ತೊಂದರೆ ಏನೆಂದರೆ, ಪರಿಣತರು ತಮಗೆ ಹೇಗೆ ಗೊತ್ತಾಯಿತು ಎಂದು ಹೇಳುವುದಿಲ್ಲ. "ಅನುಭವದಿಂದ ಬರುತ್ತದೆ" ಎಂದುಬಿಡುತ್ತಾರೆ. ಕಲಿಸುವ ಹಿರಿಯರು ಯೋಚನೆಯನ್ನು ಬಾಯಿಬಿಟ್ಟು ಹೇಳಬೇಕು: "ಬೆಳಿಗ್ಗೆ ಇವರು ತಾವೇ ಎದ್ದು ಕುಳಿತಿದ್ದರು. ಈಗ ದಿಂಬಿಗೆ ಒರಗಿ, ನೀರಿನ ಲೋಟಕ್ಕೂ ಕೈ ಚಾಚುತ್ತಿಲ್ಲ. ಅದಕ್ಕೇ ನಾನು ಮತ್ತೆ ಉಸಿರು ಎಣಿಸುತ್ತೇನೆ."

ಒಬ್ಬ ಹೊಸಬರಿಗೆ ಗೊತ್ತುಪಡಿಸಿದ ಒಬ್ಬ ಹಿರಿಯರು ಇರಲಿ, ಇಬ್ಬರೂ ಒಂದೇ ಪಾಳಿಯಲ್ಲಿರಲಿ, ಆ ಹಿರಿಯರಿಗೆ ರೋಗಿಗಳ ಸಂಖ್ಯೆ ಸ್ವಲ್ಪ ಕಡಿಮೆಯಿರಲಿ. ಕಲಿಸುವ ಹೊಣೆ ಕೊಟ್ಟು ಸಮಯ ಕೊಡದಿದ್ದರೆ ಕಲಿಸಿದ ಸಹಿ ಮಾತ್ರ ಉಳಿಯುತ್ತದೆ.

ಹಿರಿಯರು ಎಲ್ಲರೆದುರು ಬೈಯುತ್ತಾರೆ. ನಾವೂ ಹೀಗೆಯೇ ಕಲಿತೆವು ಎನ್ನುತ್ತಾರೆ. ಸಹಿಸಿಕೊಳ್ಳಬೇಕೇ?

ಬೈಸಿಕೊಂಡವರು ಮುಂದಿನ ಸಲ ಪ್ರಶ್ನೆ ಕೇಳುವುದಿಲ್ಲ. ಲೆಕ್ಕ ಅನುಮಾನವಾದರೂ ಕೇಳದೆ ಕೊಟ್ಟುಬಿಡುತ್ತಾರೆ. ಆದ್ದರಿಂದ ಇದು ನಿಮ್ಮ ಮನಸ್ಸಿನ ನೋವಿನ ಮಾತಷ್ಟೇ ಆಗಿ ಉಳಿಯುವುದಿಲ್ಲ, ರೋಗಿಯ ಸುರಕ್ಷತೆಗೇ ತಟ್ಟುತ್ತದೆ. ದಿನಾಂಕ ಸಹಿತ ಬರೆದಿಟ್ಟುಕೊಂಡು ಮೇಲಿನವರಿಗೆ ಹೇಳಿ. ಹಿರಿಯರೇ, ತಪ್ಪು ಕಂಡ ಕ್ಷಣವೇ ಕೈ ತಡೆಯಿರಿ. ತಿದ್ದುವ ಮಾತನ್ನು ಮಂಚದಿಂದ ದೂರ ಕರೆದುಕೊಂಡು ಹೋಗಿ ಆಡಿ.

ತರಬೇತಿ ಕೊಟ್ಟರೂ ತಿಂಗಳಲ್ಲಿ ಹಳೆಯ ರೂಢಿಗೇ ಮರಳುತ್ತಾರೆ. ಏನು ಮಾಡುವುದು?

ವರ್ಷಕ್ಕೊಮ್ಮೆ ಸಭಾಂಗಣದಲ್ಲಿ ನಾಲ್ಕು ಗಂಟೆ ಪರದೆ ನೋಡಿಸಿದರೆ ಹಾಗೆಯೇ ಆಗುತ್ತದೆ. ಎದೆ ಒತ್ತುವ ಪುನಶ್ಚೇತನದಂಥ (ಸಿಪಿಆರ್) ಕೌಶಲ ಕೆಲವೇ ತಿಂಗಳಲ್ಲಿ ಮಾಸುತ್ತದೆ. ವಾರ್ಡಿನಲ್ಲೇ, ನಿಜವಾದ ತುರ್ತು ಟ್ರಾಲಿಯೊಂದಿಗೆ, ಹತ್ತು ನಿಮಿಷದ ಅಣಕು ಅಭ್ಯಾಸ ಮಾಡಿ. ನಾನು ಒಮ್ಮೆ ಹೀಗೆ ಮಾಡಿಸಿದಾಗ ಆಮ್ಲಜನಕದ ಸಿಲಿಂಡರಿನ ಕೀಲಿ ಬೇರೆ ಮಹಡಿಯಲ್ಲಿದೆ ಎಂದು ತಿಳಿಯಿತು. ಆ ಪಾಠ ಯಾವ ಉಪನ್ಯಾಸದಲ್ಲೂ ಸಿಗುತ್ತಿರಲಿಲ್ಲ. ಹೊಸ ಪದ್ಧತಿ ಕಲಿಸಿದ ಮೇಲೆ ಹಳೆಯದಕ್ಕೆ ಬೇಕಾದ ಸಾಮಗ್ರಿಯನ್ನೂ ವಾರ್ಡಿನಿಂದ ತೆಗೆಯಿರಿ.

## ವಾರ್ಡ್ ನಡೆಸುವವರಿಗೆ

ಒಬ್ಬ ನರ್ಸಿಗೆ ಎಷ್ಟು ರೋಗಿಗಳು ಇರಬೇಕು? ಆಡಳಿತದವರಿಗೆ ಹೇಗೆ ಮನದಟ್ಟು ಮಾಡಲಿ?

ಎಲ್ಲ ವಾರ್ಡಿಗೂ ಹೊಂದುವ ಒಂದೇ ಸಂಖ್ಯೆಯಿಲ್ಲ. ರೋಗಿಯ ಸ್ಥಿತಿಯನ್ನು ನೋಡಬೇಕು. ಆದರೆ ಸಾಕ್ಷ್ಯ ಬಲವಾಗಿದೆ. ನರ್ಸಿಂಗ್ ಸಂಶೋಧಕಿ ಲಿಂಡಾ ಐಕನ್ ಮತ್ತು ಸಂಗಡಿಗರು ಅಮೆರಿಕದ ಪೆನ್ಸಿಲ್ವೇನಿಯಾದ ಆಸ್ಪತ್ರೆಗಳಲ್ಲಿ ಮಾಡಿ 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಒಬ್ಬ ನರ್ಸಿಗೆ ಒಬ್ಬ ರೋಗಿ ಹೆಚ್ಚಾದಂತೆಲ್ಲ ಶಸ್ತ್ರಚಿಕಿತ್ಸೆಯಾದ ರೋಗಿ 30 ದಿನಗಳೊಳಗೆ ಸಾಯುವ ಸಂಭವ ಶೇ 7ರಷ್ಟು ಹೆಚ್ಚು ಎಂದು ಕಂಡಿತು. 2014ರಲ್ಲಿ ಯುರೋಪಿನ ಒಂಬತ್ತು ದೇಶಗಳ ಅಧ್ಯಯನದಲ್ಲೂ ಅದೇ ಶೇ 7 ಬಂತು. ಇವು ಸಂಬಂಧವನ್ನು ತೋರಿಸುವ ಅಧ್ಯಯನಗಳು, ನಿಜ. ಆದರೆ ಎರಡು ಖಂಡಗಳಲ್ಲಿ ಒಂದೇ ದಿಕ್ಕನ್ನು ತೋರಿಸಿವೆ. ಕ್ಯಾಲಿಫೋರ್ನಿಯಾ 2004ರಿಂದ ಕನಿಷ್ಠ ಅನುಪಾತವನ್ನು ಕಾನೂನಿನಿಂದಲೇ ಜಾರಿಗೆ ತಂದಿದೆ.

ಪಾಳಿಯ ಉದ್ದವನ್ನೂ ಮರೆಯಬೇಡಿ. 2004ರ ಒಂದು ಅಮೆರಿಕನ್ ಅಧ್ಯಯನದಲ್ಲಿ 12.5 ಗಂಟೆ ಅಥವಾ ಅದಕ್ಕೂ ಉದ್ದದ ಪಾಳಿಯಲ್ಲಿ ತಪ್ಪಿನ ಸಂಭವ ಮೂರು ಪಟ್ಟು ಇತ್ತು. ಆಡಳಿತದವರ ಬಳಿ ಹೋಗುವಾಗ ನಿಮ್ಮದೇ ವಾರ್ಡಿನ ಮೂರು ತಿಂಗಳ ಲೆಕ್ಕವನ್ನು ಒಯ್ಯಿರಿ: ಪ್ರತಿ ಪಾಳಿಯ ನರ್ಸ್‌ಗಳ ಸಂಖ್ಯೆ, ರೋಗಿಗಳ ಸಂಖ್ಯೆ, ತಡವಾದ ಔಷಧಗಳು, ಬಿದ್ದವರು. ತಮ್ಮ ಆಸ್ಪತ್ರೆಯ ಅಂಕಿಯನ್ನು ಯಾರೂ ಸುಲಭವಾಗಿ ಪಕ್ಕಕ್ಕೆ ಸರಿಸಲಾರರು.

ಚೆಕ್‌ಲಿಸ್ಟ್ ಎಂದರೆ ಮತ್ತೊಂದು ಕಾಗದ. ಇದರಿಂದ ನಿಜಕ್ಕೂ ಪ್ರಯೋಜನವಿದೆಯೇ?

ಹೇಗೆ ಬಳಸುತ್ತೀರಿ ಎಂಬುದರ ಮೇಲಿದೆ. ವಿಶ್ವ ಆರೋಗ್ಯ ಸಂಸ್ಥೆಯ 19 ಅಂಶಗಳ ಶಸ್ತ್ರಚಿಕಿತ್ಸಾ ಪಟ್ಟಿಯನ್ನು ಎಂಟು ನಗರಗಳ ಎಂಟು ಆಸ್ಪತ್ರೆಗಳಲ್ಲಿ ಪರೀಕ್ಷಿಸಿದಾಗ ಸಾವು ಶೇ 1.5ರಿಂದ 0.8ಕ್ಕೆ, ತೊಡಕುಗಳು ಶೇ 11ರಿಂದ 7ಕ್ಕೆ ಇಳಿದವು. ಆದರೆ ಕೆನಡಾದ ಒಂಟಾರಿಯೋದಲ್ಲಿ ಅದನ್ನು ಕಡ್ಡಾಯ ಮಾಡಿದ ಮೇಲೆ 101 ಆಸ್ಪತ್ರೆಗಳನ್ನು ನೋಡಿದ 2014ರ ಅಧ್ಯಯನದಲ್ಲಿ ಹೇಳಿಕೊಳ್ಳುವಂಥ ಇಳಿಕೆ ಕಾಣಲಿಲ್ಲ. ನಾನು ಇದನ್ನು ಅರ್ಥ ಮಾಡಿಕೊಳ್ಳುವುದು ಹೀಗೆ: ಪೆಟ್ಟಿಗೆಗಳಲ್ಲಿ ಗುರುತು ಹಾಕಿದರೆ ಫಲವಿಲ್ಲ, ತಂಡ ನಿಂತು ಗಟ್ಟಿಯಾಗಿ ಓದಿ ಉತ್ತರಿಸಿದರೆ ಇದೆ.

ಅಮೆರಿಕದ ಮಿಷಿಗನ್ ರಾಜ್ಯದ ತೀವ್ರ ನಿಗಾ ಘಟಕಗಳ ಅನುಭವವೂ ಹಾಗೆಯೇ ಹೇಳುತ್ತದೆ. ವೈದ್ಯ ಪೀಟರ್ ಪ್ರೊನೊವೊಸ್ಟ್ ಅವರ ತಂಡ ದೊಡ್ಡ ರಕ್ತನಾಳದ ನಳಿಕೆಯ ಸೋಂಕು ತಡೆಯಲು ಐದು ಸರಳ ಹೆಜ್ಜೆಗಳನ್ನು ತಂದಿತು. ಅವುಗಳ ಜೊತೆಗೆ ಇನ್ನೊಂದು ಇತ್ತು: ವೈದ್ಯರು ಹೆಜ್ಜೆ ತಪ್ಪಿಸಿದರೆ ಕೆಲಸ ನಿಲ್ಲಿಸಿ ಎಂದು ಹೇಳುವ ಅಧಿಕಾರ ನರ್ಸಿಗೆ. ಸೋಂಕಿನ ಪ್ರಮಾಣದಲ್ಲಿ ಶೇ 66ರವರೆಗಿನ ಇಳಿಕೆ ಕಂಡಿತು. ಆ ಅಧಿಕಾರವಿಲ್ಲದೆ ಪಟ್ಟಿಯನ್ನಷ್ಟೇ ಎರವಲು ತಂದವರು ಅರ್ಧ ತಂದಂತೆ.

ಹಣವಿಲ್ಲ, ಜನವಿಲ್ಲ. ಸುಧಾರಣೆ ಎಲ್ಲಿಂದ ಶುರು ಮಾಡಲಿ?

ಒಂದೇ ಒಂದು ತೊಂದರೆ ಆರಿಸಿಕೊಳ್ಳಿ. ಎರಡು ವಾರ ಸುಮ್ಮನೆ ಎಣಿಸಿ. ಉದಾಹರಣೆಗೆ, ಬೆಳಗಿನ ಔಷಧ ಹಂಚುವಾಗ ನರ್ಸನ್ನು ಎಷ್ಟು ಸಲ ನಡುವೆ ತಡೆದು ಮಾತಾಡಿಸಿದರು ಎಂದು ಚೀಟಿಯಲ್ಲಿ ಗೀಟು ಎಳೆಯಿರಿ. ಯಾರು, ಯಾತಕ್ಕೆ ಎಂದೂ ಬರೆಯಿರಿ. ಫೋನೇ ಹೆಚ್ಚು ಎಂದು ಕಂಡರೆ, ಆ ಒಂದು ಗಂಟೆ ಫೋನ್ ಎತ್ತಲು ಬೇರೊಬ್ಬರನ್ನು ನೇಮಿಸಿ. ಒಂದು ಪಾಳಿಯಲ್ಲಿ, ಒಂದು ದಿನ ಮಾತ್ರ. ಸಂಜೆ ಎಲ್ಲರನ್ನೂ ಕೇಳಿ: ನಡೆಯಿತೇ, ಏನು ಕೆಟ್ಟಿತು? ತಿದ್ದಿ, ಮೂರು ದಿನ ಮಾಡಿ, ಮತ್ತೆ ಎಣಿಸಿ. ಯೋಜಿಸು, ಮಾಡು, ಪರಿಶೀಲಿಸು, ತಿದ್ದು ಎಂಬ ಚಕ್ರ ಇಷ್ಟೇ. ಎಣಿಸಿದ್ದನ್ನು ವಾರ್ಡಿನ ಗೋಡೆಯ ಮೇಲೆ ಗೆರೆಯಾಗಿ ಬರೆದು ಅಂಟಿಸಿ, ಸ್ವಚ್ಛತಾ ಸಿಬ್ಬಂದಿಗೂ ಅರ್ಥವಾಗುವಂತೆ.

ಹಾಗೂ ಇಂದು ಪಾಳಿ ಮುಗಿಸುವ ಮುನ್ನ ಔಷಧದ ಟ್ರೇಯ ಮುಂದೆ ಎರಡು ನಿಮಿಷ ನಿಲ್ಲಿ. ಒಂದನ್ನೊಂದು ಹೋಲುವ ಆಂಪೂಲ್‌ಗಳನ್ನು ಬೇರೆ ಬೇರೆ ಕಡೆ ಇಡಿ. ಸಾಂದ್ರ ಪೊಟ್ಯಾಸಿಯಂ ಕ್ಲೋರೈಡ್ ಅಲ್ಲಿದ್ದರೆ ಅದನ್ನು ಸಾಮಾನ್ಯ ವಾರ್ಡಿನಲ್ಲಿ ಇಡುವ ಅಗತ್ಯವೇ ಇಲ್ಲ. ಔಷಧಾಲಯಕ್ಕೆ ಮರಳಿಸಿ, ಬೇಕಾದಾಗ ಬೆರೆಸಿ ಸಿದ್ಧವಾದ ಬಾಟಲಿಯನ್ನೇ ತರಿಸಿಕೊಳ್ಳಿ. ನಾನು ಮೊದಲ ಬಾರಿ ಒಂದು ವಾರ್ಡಿನ ಹೊಣೆ ವಹಿಸಿಕೊಂಡ ದಿನ ಮಾಡಿದ ಮೊದಲ ಕೆಲಸ ಅದೇ. ಖರ್ಚಾದದ್ದು ಒಂದು ರಟ್ಟಿನ ಪೆಟ್ಟಿಗೆ, ಔಷಧಾಲಯದವರೆಗಿನ ಒಂದು ನಡಿಗೆ.